ಏಳನೆಯ ವಾಕ್ಯ

ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆಯ ವಾಸನೆ, ಎಲ್ಲಿಂದ ಬರುತ್ತಿದೆ ಇದು, ಪುತ್ತೂರಿನ ಬಸ್ ನಿಲ್ದಾಣದಲ್ಲಿ ಡೀಸೆಲ್ಲು, ಧೂಳು, ಬೀಡಿ, ಇವುಗಳ ನಡುವೆ ಎಲ್ಲಿಯದೋ ಒಂದು ಎಳೆ ಬಂದು ಬಂದು ಹೋಗುತ್ತದೆ, ಅಮ್ಮ ಒಲೆಯ ಉರಿಯ ಮೇಲೆ ಎಲೆಯನ್ನು ಅತ್ತಿಂದಿತ್ತ ಎಳೆದು, ತಿಳಿಹಸಿರು ಕಡುಹಸಿರಾಗಿ ಹೊಳೆಯುವ ಹೊತ್ತಿಗೆ ತೆಗೆದು, ಬಿಸಿ ಕುಚ್ಚಲಕ್ಕಿ ಅನ್ನ ಸುರಿದು, ನಡುವೆ ಚಟ್ನಿಗೊಂದು ಗುಳಿ ಮಾಡಿ, ಬಾಳೆನಾರಿನಲ್ಲಿ ಬಿಗಿಯುತ್ತಿದ್ದಳು, ಏಳು ವರ್ಷದ ನಾನು ಚೀಲದಲ್ಲಿ ಒಂದು ಕಡೆ ಸ್ಲೇಟು ಒಂದು ಕಡೆ ಆ ಕಟ್ಟು ತೂಗಿಸಿಕೊಂಡು ಶಾಲೆಗೆ ನಡೆಯುತ್ತಿದ್ದೆ, ಮಧ್ಯಾಹ್ನ ಗಂಟೆ ಹೊಡೆದು ನಾರು ಬಿಚ್ಚಿದರೆ ಮೊದಲು ಈ ವಾಸನೆ, ಹಸಿವೆ ಆಮೇಲೆ — ಈಗ ಅರುವತ್ತನಾಲ್ಕನೇ ಇಸವಿ, ನನಗೂ ಅರುವತ್ತು ತುಂಬಿತು, ಇಷ್ಟು ವರ್ಷವೂ ಹಸಿವೆ ನನಗೆ ಗಂಟೆ ಹೊಡೆದ ಮೇಲೆ ಬರುವ ಸಂಗತಿಯೇ ಆಗಿತ್ತು, ಅನ್ನ ಅದಕ್ಕಿಂತ ಮೊದಲೇ ಚೀಲದಲ್ಲಿರುತ್ತಿತ್ತು. ಪಕ್ಕದಲ್ಲಿ ಅಪ್ಪಿ ಕೂತಿದ್ದಾಳೆ, ಕಲ್ಲುಬೆಂಚಿನ ತುದಿಯಲ್ಲಿ, ಬಟ್ಟೆಯ ಚೀಲವನ್ನು ಮಡಿಲಿಗೆ ಒತ್ತಿ ಹಿಡಿದು, ಉಟ್ಟದ್ದು ನನ್ನ ನೀಲಿ ಸೀರೆ, ಸಂದರ್ಶನಕ್ಕೆಂದು ನಾನೇ ಇಸ್ತ್ರಿ ಹಾಕಿಸಿ ಕೊಟ್ಟದ್ದು, ಈಗ ಮಂಡಿಯ ಹತ್ತಿರ ಮುದುಡಿದೆ, ಕಡಬದ ಬಸ್ಸು ಒಂದೂವರೆಗೆ ಅಂತ ಬೋರ್ಡಿನಲ್ಲಿ ಉಂಟು, ಬರುವುದು ಎರಡಕ್ಕೆ, ಅಷ್ಟರವರೆಗೆ ನಾವಿಬ್ಬರೂ ಇಲ್ಲಿ ಕೂತಿರಬೇಕು, ಮಾತಾಡಬೇಕು ಅಥವಾ ಮಾತಾಡದೆ ಇರಬೇಕು. ನಾಲ್ಕು ಹೆಸರು ಓದಿದರು, ಅಪ್ಪಿಯದ್ದು ಇರಲಿಲ್ಲ. ಅಷ್ಟೇ ನಡೆದದ್ದು. ಮಂಗಳೂರಿನ ಒಂದು ಧರ್ಮಸಂಸ್ಥೆಯವರು ಗತಿಯಿಲ್ಲದ ಬಡ ಹುಡುಗಿಯರಿಗೆ ನರ್ಸಿನ ತರಬೇತಿ ಕೊಡುತ್ತಾರೆ, ಊಟ ವಸತಿ ಅವರದ್ದೇ, ಈ ಕಡೆಯವರಿಗೆ ನಾಲ್ಕೇ ಸೀಟು, ಹತ್ತೊಂಬತ್ತು ದಾಟಿದವರಿಗೆ ಇಲ್ಲ, ಅಪ್ಪಿಗೆ ಬರುವ ತಿಂಗಳು ಹತ್ತೊಂಬತ್ತು ಮುಗಿಯುತ್ತದೆ, ಬರುವ ವರ್ಷ ಅನ್ನುವುದು ಅವಳಿಗಿಲ್ಲ, ಇರುವುದು ಸೋಮವಾರ, ಸೋಮವಾರ ಮೇಸ್ತ್ರಿಯ ಲಾರಿ ಕೊಡಗಿಗೆ ಹೋಗುತ್ತದೆ, ಕಾಫಿ ತೋಟಕ್ಕೆ ಆಳುಗಳನ್ನು ತುಂಬಿಸಿಕೊಂಡು, ಅವಳ ಅಮ್ಮ ಹೇಳಿದ್ದಳಲ್ಲ ನನಗೆ, ಮಂಗಳೂರು ಆದ್ರೆ ಮಂಗಳೂರು ಟೀಚರ್, ಇಲ್ಲದಿದ್ರೆ ಗಟ್ಟ, ನನಗೆ ಕಣ್ಣು ಕಾಣುದಿಲ್ಲ, ಎರಡು ಹೊಟ್ಟೆ ಇಲ್ಲಿ ಕೂತು ಎಂತ ಮಾಡುದು. ಗಟ್ಟ ಹತ್ತಿ ಕೊಡಗಿನ ತೋಟಕ್ಕೆ ಹೋದ ಹುಡುಗಿಯರು ತಿರುಗಿ ಬಂದದ್ದನ್ನು ನಾನು ಕಂಡಿದ್ದೇನೆ, ಜ್ವರ ಹಿಡಿದು ಬರುತ್ತಾರೆ, ಇಲ್ಲವೇ ಬರುವುದಿಲ್ಲ. ಟೀಚರ್, ನಾನು ಐ ಕಮ್ ಅಂದೆ ಅಲ್ವಾ, ಅದಕ್ಕೇ ಹೋದದ್ದಲ್ವಾ ಸೀಟು, ಅಪ್ಪಿ ಕೇಳುತ್ತಿದ್ದಾಳೆ, ಇದು ಮೂರನೇ ಸಲ, ಅಲ್ಲ ಅಂದೆ, ಮತ್ತೆ ಎಂತಕ್ಕೆ ಟೀಚರ್, ಮತ್ತೆ ಎಂತಕ್ಕೆ — ನನಗೆ ಗೊತ್ತುಂಟು ಎಂತಕ್ಕೆ ಅಂತ, ನಾನು ರಸ್ತೆಯ ಕಡೆ ನೋಡುತ್ತೇನೆ, ಬಸ್ಸು ಬಂತೇನೋ ಎನ್ನುವ ಹಾಗೆ.

ಐ ಕಮ್, ಪಾಪ, ಅದೊಂದು ವಿಚಾರದಲ್ಲಿ ಅವಳು ಕೊನೆಯವರೆಗೂ ನನ್ನ ಮಾತು ಕೇಳಲಿಲ್ಲ, ಐ ಗೋ ಎಂದು ಬರೆಸಿದರೆ ಪೆನ್ಸಿಲು ನಿಲ್ಲಿಸಿ ಮುಖ ನೋಡುತ್ತಿದ್ದಳು, ಮನೆಯಿಂದ ಹೊರಡುವಾಗ ಹೋಗ್ತೇನೆ ಅಂತ ಯಾರಾದ್ರೂ ಹೇಳ್ತಾರಾ ಟೀಚರ್, ಬರ್ತೇನೆ ಅನ್ಬೇಕಲ್ಲ, ಹೋಗ್ತೇನೆ ಅಂದ್ರೆ ಮತ್ತೆ ಬರುದೇ ಇಲ್ಲ ಅಂತ ಆಗುದಿಲ್ವಾ, ಇಂಗ್ಲಿಷಿನವರಿಗೆ ಹಾಗಿಲ್ಲ ಮಾರಾಯ್ತಿ, ಅವರು ಹೋಗುತ್ತೇನೆ ಎಂದು ಹೇಳಿಯೇ ಹೋಗುವುದು, ಅವರ ಮನೆಯಲ್ಲಿ ಬೈಯುದಿಲ್ವಾ ಹಾಗಾದ್ರೆ — ನಕ್ಕುಬಿಟ್ಟಿದ್ದೆ, ಕಡಬದಲ್ಲಿ ಪೋಕರ್ ಬ್ಯಾರಿಯ ಚಹದಂಗಡಿಯ ಹಿಂದಿನ ಕೋಣೆ, ಪುತ್ತೂರಿನ ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಬಾಡಿಗೆಗೆ ಹಿಡಿದದ್ದು, ಆ ಕೋಣೆಯಲ್ಲಿ ನಗು ಬಂದದ್ದೇ ಅಪ್ಪಿ ಪಾಠಕ್ಕೆ ಬಂದ ಐದು ತಿಂಗಳು. ಅಪ್ಪಿ ಪೋಕರನ ಅಂಗಡಿಗೆ ನೀರು ಹೊರುವವಳು, ಬಾವಿ ಇಳಿಜಾರಿನ ಕೆಳಗೆ, ದಿನಕ್ಕೆ ನಲುವತ್ತು ಕೊಡ, ಒಂದು ದಿನ ನನ್ನ ಬಾಗಿಲಲ್ಲಿ ಕೊಡ ಇಳಿಸಿ, ಟೀಚರ್, ನರ್ಸಿನ ಸೀಟಿಗೆ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳುದಂತೆ, ದಿನಾ ನೀನು ಎಂತ ಮಾಡ್ತಿ ಅಂತ, ಅಷ್ಟು ನನಗೆ ಕಲಿಸ್ತೀರಾ. ಅಷ್ಟು ಕಲಿಸುವುದೇನು ದೊಡ್ಡದು, ಮೂವತ್ತೈದು ವರ್ಷ ನಾನು ಕಲಿಸಿದ್ದು ಅದನ್ನೇ, ಮೊದಲ ವರ್ಷದ ಮಕ್ಕಳಿಗೆ ದಿನಚರಿಯ ಹತ್ತು ವಾಕ್ಯ, ಬೆಳಿಗ್ಗೆ ಆರಕ್ಕೆ ಏಳುತ್ತೇನೆ, ಹಲ್ಲುಜ್ಜುತ್ತೇನೆ, ಸ್ನಾನ ಮಾಡುತ್ತೇನೆ, ದಿನ ದಿನ ನಡೆಯುವುದಕ್ಕೆ ವರ್ತಮಾನ ಕಾಲ, ಅವಳು ಎಂದಾಗ ಕ್ರಿಯಾಪದದ ಬಾಲಕ್ಕೊಂದು ಸ್, ಐ ಈಟ್, ಶೀ ಈಟ್ಸ್. ಪೋಕರ್ ಗಲ್ಲಾದಿಂದಲೇ ತಮಾಷೆ ಮಾಡುತ್ತಿದ್ದ, ಟೀಚರಮ್ಮಾ, ಇವಳು ಇಂಗ್ಲಿಷು ಕಲಿತ್ರೆ ನನ್ನ ಬಾವಿಗೂ ಇಂಗ್ಲಿಷು ಕಲಿಸ್ಬೇಕಲ್ಲ ಮಾರಾಯ್ರೆ, ಇಲ್ಲದಿದ್ರೆ ಕೊಡ ಮೇಲೆ ಬರುದು ಹೇಗೆ, ಅಪ್ಪಿ ಬಿಡುವವಳಲ್ಲ, ಕಮ್ ಹಿಯರ್ ಅಂದ್ರೆ ಬರ್ತದೆ ಬ್ಯಾರಿ, ನಿಮ್ಮ ಹಾಗೆ ಅಲ್ಲ ಅದು, ಹೇಳಿದ್ದು ಕೇಳ್ತದೆ. ಆದರೂ ಪೋಕರ್ ಒಳ್ಳೆಯವನು, ಒಂದೂವರೆಯಿಂದ ಎರಡೂವರೆ ನಿನ್ನ ಊಟದ ಹೊತ್ತು, ಪಾಠಕ್ಕೆ ಬೇಕಾದ್ರೆ ಹೋಗು, ನಾನು ಕೇಳುದಿಲ್ಲ ಅಂದಿದ್ದ, ಊಟದ ಹೊತ್ತು ಅಂದಿದ್ದ, ಆ ಮಾತು ನನ್ನ ಕಿವಿಗೆ ಆಗ ಯಾಕೆ ತಾಗಲಿಲ್ಲ. ಅವಳು ಬರುವಾಗ ನನ್ನದು ಊಟ ಮುಗಿದಿರುತ್ತಿತ್ತು, ಒಂದಕ್ಕೆ ಸರಿಯಾಗಿ ತಿನ್ನದಿದ್ದರೆ ನನಗೆ ತಲೆ ತಿರುಗುತ್ತದೆ, ಬಟ್ಟಲು ತೊಳೆಯುತ್ತಾ ಕೇಳುತ್ತಿದ್ದೆ, ಊಟ ಆಯ್ತಾ ಅಪ್ಪಿ, ಆಯ್ತು ಟೀಚರ್, ದಿನಾ ಕೇಳುತ್ತಿದ್ದೆ, ದಿನಾ ಆಯ್ತು, ನಮ್ಮ ಕಡೆ ಆ ಪ್ರಶ್ನೆಗೆ ಇನ್ನೊಂದು ಉತ್ತರ ಇದೆಯೇ, ದಾರಿಯಲ್ಲಿ ಸಿಕ್ಕಿದವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಹೊಟ್ಟೆಯಲ್ಲಿ ಏನೂ ಇಲ್ಲದವರೂ ಆಯ್ತು ಎನ್ನುತ್ತಾರೆ, ಇಲ್ಲ ಅಂದರೆ ಕೇಳಿದವರ ಮರ್ಯಾದೆ ಹೋಗುತ್ತದೆ, ಹೇಳಿದವರದ್ದೂ, ನಾನೇ ಎಷ್ಟು ಸಲ ಹಾಗೆ ಹೇಳಿಲ್ಲ.

ಮೊದಲನೆಯ ದಿನದ ಹಾಳೆ, ಅದು ನನ್ನ ಟ್ರಂಕಿನಲ್ಲಿ ಈಗಲೂ ಉಂಟು, ನಿನಗೆ ಬಂದ ಹಾಗೆ ಬರಿ, ಆಮೇಲೆ ತಿದ್ದುವ ಎಂದು ಕೊಟ್ಟಿದ್ದೆ, ಎಂಟನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ದುಂಡಗೆ, ಐ ಗೆಟ್ ಅಪ್ ಅಟ್ ಫೋರ್ ಒ ಕ್ಲಾಕ್, ಐ ಬ್ರಿಂಗ್ ವಾಟರ್ ಫಾರ್ ಹೋಟೆಲ್, ಮೈ ಮದರ್ ನೋ ಸೀ, ಐ ಕುಕ್ ಗಂಜಿ ಫಾರ್ ಮದರ್, ಹೀಗೆ ಬಂದು ಬಂದು ಏಳನೆಯದು, ಅಟ್ ಒನ್ ಒ ಕ್ಲಾಕ್ ಐ ಡ್ರಿಂಕ್ ವಾಟರ್. ಕೆಂಪು ಶಾಯಿಯ ಪೆನ್ನು ತೆಗೆದೆ, ನಾಲ್ಕು ಗಂಟೆಯನ್ನು ಆರು ಮಾಡಿದೆ, ನಾಲ್ಕಕ್ಕೆ ಎದ್ದರೆ ಕೇಳಿದವರು ಏನೆಂದುಕೊಂಡಾರು, ಗಂಜಿಗೆ ಇಂಗ್ಲಿಷ್ ಪದವಿಲ್ಲ, ಅದನ್ನು ಹೊಡೆದು ಕಾಫಿ ಮಾಡಿದೆ, ಏಳನೆಯದಕ್ಕೆ ಬಂದಾಗ ಅಯ್ಯೋ ಪಾಪ, ಲಂಚ್ ಎನ್ನುವ ಪದ ಗೊತ್ತಿಲ್ಲದೆ ಗೊತ್ತಿರುವ ಪದ ಹಾಕಿದ್ದಾಳೆ ಎಂದುಕೊಂಡೆ, ಡ್ರಿಂಕ್ ವಾಟರ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆದು ಮೇಲುಗಡೆ ಬರೆದೆ, ಈಟ್ ಮೈ ಲಂಚ್, ಓದು ನೋಡುವ, ಅವಳು ಓದಲಿಲ್ಲ, ಆ ಗೆರೆಯನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತು ನೋಡಿದಳು, ಹಾಗೆ ಬರ್ಯುದಾ ಟೀಚರ್ ಅಂದಳು, ಹಾಗೆಯೇ ಬರೆಯುವುದು ಅಂದೆ, ಹಾಗೇ ಹೇಳುದಾ, ಹಾಗೇ ಹೇಳುವುದು. ಮತ್ತೆ ಹತ್ತು ಸಲ ಬರೆಸಿದೆ. ಸ್ಲೇಟಿನಲ್ಲಾದರೆ ನೀರುಕಡ್ಡಿ ಮುರಿದು ಒರೆಸಿಬಿಡುತ್ತಿದ್ದೆವು, ನಾನು ಚಿಕ್ಕವಳಿದ್ದಾಗ ಗೋಡೆಬುಡದಲ್ಲಿ ಕಿತ್ತ ಆ ರಸಭರಿತ ದಂಟು ಉಜ್ಜಿದರೆ ತಪ್ಪೂ ಹೋಗುತ್ತಿತ್ತು ಸರಿಯೂ ಹೋಗುತ್ತಿತ್ತು, ಶಾಯಿ ಹಾಗಲ್ಲ. ನನ್ನ ಇಂಗ್ಲಿಷ್ ರೀಡರಿನಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಎದ್ದು ಪಾರಿಡ್ಜ್ ತಿನ್ನುತ್ತಿದ್ದ, ನಾನು ಅಮ್ಮನ ಹತ್ತಿರ ಹಟ ಮಾಡಿದೆ, ನನಗೂ ಪಾರಿಡ್ಜ್ ಬೇಕು, ಅಮ್ಮನಿಗೆ ಎ ಬಿ ಸಿ ಗೊತ್ತಿಲ್ಲ, ಅದು ಹೇಗಿರ್ತದೆ ಮಗಾ, ಬಿಳಿ ಉಂಟು ಅಮ್ಮ, ಹೊಗೆ ಬರ್ತದೆ, ಚಮಚದಲ್ಲಿ ತಿನ್ನುದು, ಅಮ್ಮ ಒಳಗೆ ಹೋಗಿ ಬಿಸಿ ಗಂಜಿಗೆ ತುಪ್ಪ ಹಾಕಿ ತಂದಿಟ್ಟಳು, ಇದುವೇ ಅದು, ತಿನ್ನು. ನನ್ನ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಯಾರೋ ಒಬ್ಬರು ಬಟ್ಟಲಿಗೆ ತಂದಿಡುತ್ತಿದ್ದರು, ಬಿ.ಎ. ಮುಗಿಸುವವರೆಗೂ ತಂದಿಟ್ಟರು. ಗಂಜಿಗೆ ಇಂಗ್ಲಿಷ್ ಪದ ಇತ್ತು, ಅಮ್ಮ ಕೊಟ್ಟ ಪದ, ಕೆಂಪು ಪೆನ್ನು ಹಿಡಿದಾಗ ಅದೂ ನನಗೆ ನೆನಪಾಗಲಿಲ್ಲ.

ಇವತ್ತು ಸಂದರ್ಶನ ನಡೆದ ಬಂಗಲೆಯ ಜಗಲಿಯಲ್ಲಿ ಜವಾನ ಕುಕ್ಕಪ್ಪ ಒಳಗಿನಿಂದ ಕುರ್ಚಿ ತಂದು ಹಾಕಿದ, ಅಪ್ಪಿ ಅವನ ಕಿವಿಯಲ್ಲಿ ಹೇಳಿದ್ದಳು, ಟೀಚರಿಗೆ ತಲೆ ತಿರುಗುದುಂಟು, ಕೂತುಕೊಳ್ಳಿಕ್ಕೆ ಎಂತಾದ್ರೂ ಕೊಡಿ ಮಾರಾಯ್ರೆ, ಒಳಗೆ ಹೋಗುವ ಗಾಬರಿಯಲ್ಲೂ ಅವಳಿಗೆ ನನ್ನ ತಲೆಯದ್ದೇ ಚಿಂತೆ. ಕುರ್ಚಿ ಕಿಟಕಿಯ ಪಕ್ಕ, ಎಲ್ಲ ಕೇಳುತ್ತಿತ್ತು. ವಾಟ್ ಡು ಯು ಡು ಎವ್ರಿ ಡೇ, ಮೃದುವಾದ ದನಿ, ಮಂಗಳೂರಿನ ಸಂಸ್ಥೆಯಿಂದ ಬಂದ ಅಮ್ಮ, ಬಿಳಿ ಸೀರೆ, ಕನ್ನಡಕ, ಅಪ್ಪಿ ಉಸಿರೆಳೆದುಕೊಂಡು ಶುರು ಮಾಡಿದಳು, ಐ ಗೆಟ್ ಅಪ್ ಅಟ್ ಸಿಕ್ಸ್ ಒ ಕ್ಲಾಕ್, ಒಂದು, ಎರಡು, ಮೂರು, ನಾನು ಬೆರಳು ಮಡಚುತ್ತಿದ್ದೆ, ಐ ಡ್ರಿಂಕ್ ಎ ಕಪ್ ಆಫ್ ಕಾಫಿ, ಒಂದು ಅಕ್ಷರ ಜಾರಲಿಲ್ಲ, ಏಳನೆಯದು ಬಂತು, ಅಟ್ ಒನ್ ಒ ಕ್ಲಾಕ್ ಐ ಈಟ್ ಮೈ ಲಂಚ್, ಎಂಟು, ಸಂಜೆ ಗೆಳತಿಯರ ಜೊತೆ ಆಡುತ್ತೇನೆ, ಹತ್ತು ಮುಗಿಯಿತು, ನನ್ನ ಎದೆ ಉಬ್ಬಿತ್ತು, ನಾಚಿಕೆಯಿಲ್ಲದೆ ಉಬ್ಬಿತ್ತು, ಆಗ ಆ ಅಮ್ಮ ಪುಸ್ತಕದಲ್ಲಿಲ್ಲದ್ದನ್ನು ಕೇಳಿದರು, ವೆರಿ ಗುಡ್, ಅಂಡ್ ವಾಟ್ ಡು ಯು ಈಟ್ ಫಾರ್ ಲಂಚ್. ಹೇಳು ಮಗಳೇ, ಏನಾದರೂ ಹೇಳು, ಅನ್ನ ಅಂತಾದರೂ ಹೇಳು — ರೈಸ್, ಅಂದಳು, ರೆಡ್ ರೈಸ್, ಕುಕುಂಬರ್ ಕರಿ, ಬಟರ್ ಮಿಲ್ಕ್, ನಿಂತಳು, ಲೈಮ್ ಪಿಕಲ್, ಸ್ಮಾಲ್ ಪೀಸ್, ಒನ್ ಪಪ್ಪಡ, ಆನ್ ಫ್ರೈಡೇ ಆಸ್ಯಮ್ಮ ಸೆಂಡ್ಸ್ ಪತ್ತಿರಿ. ಸೆಂಡ್ಸ್, ಸ್ ಹಾಕಿದಳಲ್ಲ ಎಂದು ಖುಷಿಪಟ್ಟೆ, ಆ ಕ್ಷಣಕ್ಕೆ ಅಷ್ಟೇ, ಆಮೇಲೆ ನನಗೆ ಕಂಡಿತು, ಅದು ನನ್ನ ಬಟ್ಟಲು. ಮುಳ್ಳುಸೌತೆಯ ಹುಳಿ ನನ್ನದು, ಮಜ್ಜಿಗೆ ನನ್ನದು, ಲಿಂಬೆ ಉಪ್ಪಿನಕಾಯಿಯ ಒಂದು ಚೂರು ಹೆಚ್ಚಾಗದ ಹಾಗೆ ಹಾಕಿಕೊಳ್ಳುವವಳು ನಾನು, ಶುಕ್ರವಾರ ಪೋಕರನ ಹೆಂಡತಿ ಆಸ್ಯಮ್ಮ ಮುಚ್ಚಿದ ಬಟ್ಟಲಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿ ಕಳಿಸುತ್ತಿದ್ದದ್ದು ನನಗೆ, ತರುತ್ತಿದ್ದದ್ದು ಅಪ್ಪಿ, ಬಿಸಿ ಆರದ ಹಾಗೆ ಸೆರಗು ಮುಚ್ಚಿ ತರುತ್ತಿದ್ದಳು. ಐದು ತಿಂಗಳು ಅವಳು ನನ್ನ ಬಟ್ಟಲಿನ ತಳದಲ್ಲಿ ಉಳಿದ ಬಣ್ಣ ನೋಡಿ, ಕೋಣೆಯ ವಾಸನೆ ಹಿಡಿದು, ಆ ದಿನ ಏನಾಗಿತ್ತು ಎಂದು ತಿಳಿದುಕೊಂಡಿದ್ದಾಳೆ, ಬಾಯಿಪಾಠವಾಗಿದೆ, ಹತ್ತು ವಾಕ್ಯಕ್ಕಿಂತ ಚೆನ್ನಾಗಿ. ಪೋಕರ್ ಅವಳು ಮನೆಯಲ್ಲಿ ಉಣ್ಣುತ್ತಾಳೆ ಅಂದುಕೊಂಡ, ಅವಳ ಅಮ್ಮ ಅಂಗಡಿಯಲ್ಲಿ ಕೊಡ್ತಾರೆ ಅಂದುಕೊಂಡಳು, ನಾನು ಉಂಡೇ ಬಂದಿದ್ದಾಳೆ ಅಂದುಕೊಂಡೆ, ಮೂರು ಜನ ಒಳ್ಳೆಯವರು, ಮೂವರೂ ದಿನಾ ವಿಚಾರಿಸಿದವರೇ. ಕೊನೆಗೆ ಬಾಗಿಲಲ್ಲಿ ತಿರುಗಿ ನಿಂತು, ಕೈ ಮುಗಿದು, ಐ ಕಮ್ ಮೇಡಂ, ಅಂದಳು, ಆ ಅಮ್ಮ ನಕ್ಕರು, ಗೋ, ಡಿಯರ್, ನಾಟ್ ಕಮ್, ಪ್ರೀತಿಯಿಂದಲೇ ನಕ್ಕದ್ದು, ಒಳಗೆ ಅವಳು ಹೇಳಿದ್ದರಲ್ಲಿ ಸ್ವಂತದ್ದು ಅದೊಂದೇ.

ಹೆಸರು ಓದಿದ ಮೇಲೆ ಕುಕ್ಕಪ್ಪ ನನ್ನ ಹತ್ತಿರ ಬಗ್ಗಿ, ಬೇಸರ ಮಾಡ್ಬೇಡಿ ಅಮ್ಮ, ನಿಮ್ಮ ಹುಡುಗಿಯಷ್ಟು ಚಂದ ಯಾರೂ ಮಾತಾಡ್ಲಿಲ್ಲ, ಒಳಗೆ ಅವರು ಹೇಳುದು ನಾನು ಕೇಳಿದೆ, ಆರು ಗಂಟೆಗೆ ಏಳುದಂತೆ, ಕಾಫಿ ಕುಡಿಯುದಂತೆ, ಸಂಜೆ ಆಟ ಬೇರೆ, ಊಟಕ್ಕೆ ನಾಲ್ಕು ಬಗೆ, ಇಂಥ ಅನುಕೂಲ ಉಂಟಾದ ಮನೆಯವರು ಬಡವರ ಸೀಟಿಗೆ ಯಾಕೆ ಬರುದು ಅಂತ, ಅಷ್ಟೇ ಅಮ್ಮ, ಬೇರೆ ಎಂತದೂ ಇಲ್ಲ. ಅಪ್ಪಿ ಆಗ ಗೇಟಿನ ಹತ್ತಿರ ಇದ್ದಳು, ಕೇಳಿಸಲಿಲ್ಲ ಅವಳಿಗೆ. ನಾನು ಒಳಗೆ ಹೋದೆ, ಹೋದೆನಲ್ಲ, ಹೋಗಲಿಲ್ಲ ಎಂದು ಯಾರೂ ಹೇಳಬಾರದು, ನನಗಿರುವ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ, ಅವಳು ಹೇಳಿದ್ದು ಅವಳ ದಿನಚರಿಯಲ್ಲ, ಅದು ಪಾಠ, ನಾನು ಕಲಿಸಿದ್ದು, ಅವಳು ಏಳುವುದು ನಾಲ್ಕಕ್ಕೆ, ನೀರು ಹೊರುತ್ತಾಳೆ, ಮಧ್ಯಾಹ್ನ ಅವಳು ಉಣ್ಣುವುದಿಲ್ಲ. ಆ ಅಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು, ಕುಳಿತುಕೊಳ್ಳಿ, ನೀವು ಬೆವರಿದ್ದೀರಿ ಎಂದರು, ನೀರು ತರಿಸಿದರು, ಆಮೇಲೆ ಬಹಳ ಮೆತ್ತಗೆ ಕೇಳಿದರು, ಟೀಚರ್, ಒಂದು ತಾಸಿನ ಹಿಂದೆ ಅವಳು ಬೇರೆ ಹೇಳಿದಳು, ಈಗ ನೀವು ಬೇರೆ ಹೇಳುತ್ತೀರಿ, ನಾನು ಯಾವುದನ್ನು ನಂಬಲಿ, ರೋಗಿಯ ಹತ್ತಿರ ನಿಲ್ಲುವವಳು ಉಂಡೆನೋ ಇಲ್ಲವೋ ಎನ್ನುವುದಕ್ಕೂ ಕಂಠಪಾಠ ಮಾಡಿದ್ದು ಹೇಳಿದರೆ ಹೇಗೆ, ಮತ್ತೆ ಆ ನಾಲ್ಕು ಹುಡುಗಿಯರಲ್ಲಿ ಯಾರನ್ನು ಎಬ್ಬಿಸಿ ಕಳಿಸಲಿ, ಹೇಳಿ, ನೀವೇ ಹೇಳಿ. ಜಗಲಿಯಲ್ಲಿ ನಾಲ್ವರೂ ಸಾಲಾಗಿ ಕೂತಿದ್ದರು, ಒಬ್ಬಳ ಕೈಯಲ್ಲಿ ಚಪ್ಪಲಿ, ಕಾಲಿಗೆ ಹಾಕಿ ಅಭ್ಯಾಸವಿಲ್ಲದ ಹೊಸ ಚಪ್ಪಲಿ. ನಾನು ಯಾರನ್ನು ಎಬ್ಬಿಸಲಿ. ಎದ್ದು ನಿಂತೆ, ಊಟ ಆಯ್ತಾ ನಿಮ್ಮದು ಅಂತ ಕೇಳಿದರು ಆ ಅಮ್ಮ, ಹನ್ನೆರಡು ಗಂಟೆ ಆಗಿತ್ತು, ಆಯ್ತು ಅಂದೆ.

ಸೋಮವಾರಕ್ಕೆ ಇನ್ನು ಮೂರು ದಿನ. ಹೇಳದಿದ್ದರೆ ಐ ಕಮ್ ಎನ್ನುವುದನ್ನು ಕಟ್ಟಿಕೊಂಡು ಗಟ್ಟ ಹತ್ತುತ್ತಾಳೆ, ಒಂದು ಪದ ತಪ್ಪಿ ನನ್ನ ಜನ್ಮ ಹೋಯಿತು ಎಂದು ಕಾಫಿ ಗಿಡದ ಬುಡದಲ್ಲಿ ನೆನೆಸುತ್ತಾಳೆ, ಹೇಳಿದರೆ — ಮೊದಲ ದಿನ ನೀನು ಬರೆದದ್ದನ್ನೇ ಇಂಗ್ಲಿಷ್ ತಪ್ಪಿದ್ದರೂ ಹಾಗೇ ಹೇಳಿದ್ದರೆ ಇವತ್ತು ಆ ಜಗಲಿಯಲ್ಲಿ ನೀನು ಕೂತಿರುತ್ತಿದ್ದೆ ಮಗಳೇ, ಗೆರೆ ಎಳೆದವಳು ನಾನು — ಹೇಳಿದರೆ ಯಾರಿಗೆ ಹಗುರ, ನನಗೆ. ನನ್ನ ಜೊತೆ ಬಂದು ಇರು ಎನ್ನಲೇ, ಒಂದು ಕೋಣೆ, ಒಂದು ಪಿಂಚಣಿ, ಅವಳನ್ನಾದರೆ ಹೇಗಾದರೂ ಸಾಕಿಯೇನು, ಕಣ್ಣು ಕಾಣದ ಅವಳ ಅಮ್ಮನನ್ನು, ನಾನು ಹೋದ ಮೇಲೆ ಇಬ್ಬರನ್ನೂ, ಆಗಿನಿಂದ ಇದನ್ನೇ ಮಡಚಿ ಬಿಡಿಸಿ ನೋಡಿದ್ದಾಯಿತು, ಎಲ್ಲಿಯೂ ಹೊಂದುವುದಿಲ್ಲ. ಹೋಟೆಲಿಗೆ ಹೋಗುವನಾ ಅಪ್ಪಿ ಎಂದು ಆಗಲೇ ಕೇಳಿದ್ದೆ, ಬೇಡ ಟೀಚರ್, ಬಸ್ ತಪ್ಪಿದ್ರೆ ಕಷ್ಟ, ನನ್ನದು ಆಯ್ತು, ಯಾವಾಗ ಆಯ್ತು, ಬೆಳಿಗ್ಗೆಯೇ ಆಯ್ತು, ಚೀಲದಲ್ಲಿ ಏನಿದೆ ಎಂದು ಬರುವಾಗ ಬಸ್ಸಿನಲ್ಲಿ ಕೇಳಿದ್ದಕ್ಕೂ ಹೀಗೆಯೇ, ಎಂತ ಇಲ್ಲ ಟೀಚರ್, ಟವೆಲು. ಮತ್ತೆ ಆ ವಾಸನೆ, ಬಾಡಿದ ಎಲೆ, ಈಗ ಇನ್ನೂ ಹತ್ತಿರ. ಎದುರಿನ ಸುಲೈಮಾನನ ಅಂಗಡಿಯ ಗೋಡೆಗಡಿಯಾರ ಒಂದು ಹೊಡೆಯುತ್ತದೆ, ಅಪ್ಪಿ ಎದ್ದು, ನೀರು ಕುಡಿದು ಬರ್ತೇನೆ ಟೀಚರ್, ಚೀಲವನ್ನು ಬಿಡದೆ ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ, ಸುಲೈಮಾನ್ ಬಸ್ಸಿಗೆ ಕಾಯುವವರಿಗೆಂದು ಅಂಗಡಿಯ ಮುಂದೆ ಮಣ್ಣಿನ ಮಡಕೆ ಇಟ್ಟಿದ್ದಾನೆ, ಚೆಂಬಿನಲ್ಲಿ ಮೊಗೆದು ಅವಳ ಬೊಗಸೆಗೆ ಹೊಯ್ಯುತ್ತಾನೆ, ಅವಳು ಬಗ್ಗಿ ಕುಡಿಯುತ್ತಾಳೆ, ಹೊಯ್ಯುತ್ತಾನೆ, ಕುಡಿಯುತ್ತಾಳೆ, ಸಾಕಾ ತಂಗಿ, ಇನ್ನು ಸ್ವಲ್ಪ, ಚೆಂಬು ಖಾಲಿಯಾಗಿ ಮತ್ತೆ ಮೊಗೆಯುತ್ತಾನೆ, ಯಾರೂ ಇಷ್ಟು ನೀರು ಬಾಯಾರಿಕೆಗೆ ಕುಡಿಯುವುದಿಲ್ಲ, ಮೊಣಕೈಯಿಂದ ನನ್ನ ನೀಲಿ ಸೀರೆಯ ಮೇಲೆ ಹನಿ, ಅಟ್ ಒನ್ ಒ ಕ್ಲಾಕ್ ಐ ಡ್ರಿಂಕ್ ವಾಟರ್, ಕಾಲ ಸರಿ, ಕರ್ತೃ ಸರಿ, ಕ್ರಿಯಾಪದ ಸರಿ, ಏನೂ ತಪ್ಪಿಲ್ಲದ ವಾಕ್ಯ, ಅದರ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ಬಂದಳು, ಗಲ್ಲ ಒದ್ದೆ, ಪಕ್ಕದಲ್ಲಿ ಕೂತಳು, ಊಟ ಆಯ್ತಾ ಟೀಚರ್, ಯಾಕೆ ಕೇಳುತ್ತಾಳೆ, ಬೆಳಿಗ್ಗೆಯಿಂದ ನನ್ನ ಜೊತೆಯಲ್ಲೇ ಇದ್ದಾಳೆ, ಆಯ್ತು, ನನ್ನ ಬಾಯಿ ಹೇಳಿಬಿಟ್ಟಿತು, ಅವಳು ಚೀಲದಿಂದ ಟವೆಲು ತೆಗೆದು, ಟವೆಲಿನೊಳಗಿಂದ ಬಾಳೆಲೆಯ ಕಟ್ಟು ತೆಗೆದು ನನ್ನ ಎರಡು ಕೈಯಲ್ಲಿ ಇಡುತ್ತಾಳೆ, ಮಡಿಲಿನ ಬಿಸಿ ಇನ್ನೂ ಉಂಟು, ಖಾಲಿ ಚೀಲವನ್ನು ಚಪ್ಪಟೆ ಮಾಡಿ ಮಡಚುತ್ತಾಳೆ, ಒಂದೇ ಕಟ್ಟು, ನನ್ನ ಒಂದು ಗಂಟೆಗೆಂದು ಕಟ್ಟಿದ್ದು, ನಾರಿನ ಗಂಟು ಬಿಚ್ಚಲು ಸುಲಭವಾಗುವ ಹಾಗೆ ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದಾಳೆ.